ಕಲ್ಲಿನ ಹೆಸರು, ಕಲ್ಲಿನ ಕಾಲ: ಶ್ರವಣಬೆಳಗೊಳದ ನೆಲದಿಂದ ಕೆಲವು ವಿಚಾರಗಳು

೧

ಗೊರೂರು ಎಂದೊಡನೆ ಕನ್ನಡ ಅಧ್ಯಾಪಕರ ನೆನಪಿಗೆ ಬರುವುದು ಗೊರೂರು ರಾಮಸ್ವಾಮಿ ಅಯ್ಯಂಗಾರರು ಮತ್ತು ಅವರ ‘ಹಳ್ಳಿಯ ಚಿತ್ರಗಳು’. ಹೇಮಾವತಿ ದಂಡೆಯ ಅದೇ ಊರು ಭೂವಿಜ್ಞಾನಿಗಳಿಗೆ ಬೇರೊಂದು ಕಾರಣಕ್ಕೆ ಪರಿಚಿತ. ‘ಗೊರೂರು ನೈಸ್’ ಎಂಬುದು ದಕ್ಷಿಣ ಭಾರತದ ಅತಿ ಪ್ರಾಚೀನ ಶಿಲೆಗಳಲ್ಲಿ ಒಂದರ ಹೆಸರು. ನುಗ್ಗೇಹಳ್ಳಿ ನಮಗೆ ಕ್ರಿ.ಶ. ೧೨೪೬ರಲ್ಲಿ ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ಊರು. ಅವರಿಗೆ ಅದು ಕ್ರೋಮೈಟ್ ಅದಿರನ್ನು ಒಳಗೊಂಡ ‘ನುಗ್ಗೇಹಳ್ಳಿ ಶಿಸ್ಟ್ ಪಟ್ಟಿ’. ಹೊಳೆನರಸೀಪುರ, ಸರಗೂರು, ಧಾರವಾಡ, ಬಾಬಾಬುಡನ್ ಈ ಹೆಸರುಗಳೆಲ್ಲ ಭೂಮಿಯ ಬಾಲ್ಯವನ್ನು ಕುರಿತ ಜಗತ್ತಿನ ಯಾವುದೇ ಗಂಭೀರ ಚರ್ಚೆಯಲ್ಲಿ ಇಂದು ಪಾರಿಭಾಷಿಕ ಪದಗಳಾಗಿವೆ. ಕನ್ನಡದ ಊರುಗಳು ಹೀಗೆ ಲೋಕದ ವಿದ್ವತ್ತಿನ ಭಾಷೆಯೊಳಗೆ ಪ್ರವೇಶ ಪಡೆದಿವೆ. ಆದರೆ ಆ ವಿದ್ವತ್ತು ಕನ್ನಡದೊಳಗೆ ಪ್ರವೇಶ ಪಡೆದಿಲ್ಲ. ಈ ವೈಪರೀತ್ಯವೇ ಪ್ರಸ್ತುತ ಲೇಖನದ ಪ್ರೇರಣೆ.

ನಾನು ಭೂವಿಜ್ಞಾನದ ವಿದ್ಯಾರ್ಥಿಯಲ್ಲ. ಶಾಸನಗಳ ಭಾಷೆಯನ್ನು ಕುರಿತು ಅಧ್ಯಯನ ನಡೆಸುತ್ತಿರುವ ಒಬ್ಬ ಸಂಶೋಧನಾರ್ಥಿ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಹಾಸುಬಂಡೆಯ ಮೇಲಿನ ನಿಸಿದಿ ಶಾಸನಗಳನ್ನು ಓದಲು ಹೋದ ದಿನಗಳಲ್ಲಿ ಕಲ್ಲುಕೆಲಸದ ಹಿರಿಯರೊಬ್ಬರು ನನ್ನ ಬಳಿ ಕುಳಿತು, “ಅಕ್ಷರ ಓದ್ತೀರಿ, ಕಲ್ಲು ನೋಡಿದ್ರಾ?” ಎಂದು ಕೇಳಿದರು. ಅಕ್ಷರ ಅಳಿಸಿಹೋದ ಜಾಗವನ್ನು ತೋರಿಸಿ, ಕಲ್ಲಿನ ಎಳೆ ಅಲ್ಲಿ ಹೇಗೆ ತಿರುಗಿದೆ, ಚಕ್ಕೆ ಎಲ್ಲಿ ಏಳುತ್ತದೆ ಎಂದು ವಿವರಿಸಿದರು. ನಾನು ಹಲವು ದಿನಗಳಿಂದ ‘ತ್ರುಟಿತ’ ಎಂದು ಗುರುತು ಹಾಕಿಕೊಂಡಿದ್ದ ಸಾಲು ಯಾರೋ ಕೆಡಿಸಿದ್ದಲ್ಲ, ಕಲ್ಲೇ ತನ್ನ ಎಳೆಯ ಗುಂಟ ಬಿಟ್ಟುಕೊಟ್ಟದ್ದು ಎಂಬುದು ಆಗ ತಿಳಿಯಿತು. ಈ ಅಂಶವನ್ನು ನನ್ನ ಅಧ್ಯಯನದ ಒಂದು ಅಧ್ಯಾಯವಾಗಿ ಸೇರಿಸಬಯಸಿದಾಗ, ಇದು ಕನ್ನಡದ ವಿಷಯವಲ್ಲ ಎಂಬ ಮಾತು ನನಗೆ ಎದುರಾಯಿತು. ಹಾಗೆಂದವರ ಕಾಳಜಿ ಪ್ರಾಮಾಣಿಕವಾದುದೇ. ಆದರೆ ಅದು ಸರಿಯಲ್ಲವೆಂದು ನನ್ನ ಭಾವನೆ. ಶಿಲೆಗೆ ಹೆಸರಿಡುವ ಮತ್ತು ಕಾಲ ಕಟ್ಟುವ ಕ್ರಮವನ್ನು ಅರಿಯುವುದರಿಂದ ನಮ್ಮ ಶಿಸ್ತಿಗೆ ದೊರೆಯಬಹುದಾದ ಪ್ರಯೋಜನವನ್ನೂ, ಆ ಶಿಸ್ತಿಗೆ ನಾವು ಸಲ್ಲಿಸಬೇಕಾಗಿ ಉಳಿದಿರುವ ಋಣವನ್ನೂ ಇಲ್ಲಿ ವಿವೇಚಿಸಲು ಪ್ರಯತ್ನಿಸಿದ್ದೇನೆ.

೨

ಮೊದಲಿಗೆ ಹೆಸರಿನ ವಿಚಾರ. ‘ನೈಸ್’ ಎಂಬ ಪದ ಯಾವ ಪ್ರಾಧ್ಯಾಪಕನೂ ಟಂಕಿಸಿದ್ದಲ್ಲ. ಅದು ಜರ್ಮನಿಯ ಸ್ಯಾಕ್ಸನಿ ಸೀಮೆಯ ಗಣಿ ಕೆಲಸಗಾರರ ಬಾಯಲ್ಲಿದ್ದ ಮಾತು. ಹದಿನೆಂಟನೆಯ ಶತಮಾನದಲ್ಲಿ ವಿದ್ವಾಂಸರು ಅದನ್ನು ಎತ್ತಿಕೊಂಡರು. ಕಪ್ಪು ಬಿಳುಪು ಪಟ್ಟೆಗಳು ಒಂದರ ಪಕ್ಕ ಒಂದು ಹರಿದಂತೆ ಕಾಣುವ, ಅಪಾರ ಒತ್ತಡ ಮತ್ತು ಶಾಖಗಳಿಗೆ ಸಿಕ್ಕು ಮಾರ್ಪಟ್ಟ ಶಿಲೆಗೆ ಅದು ಹೆಸರಾಯಿತು. ‘ಗ್ರಾನೈಟ್’ ಎಂಬುದು ಕಾಳುಕಾಳಾದುದು ಎಂಬ ಅರ್ಥದ ಇಟಲಿಯ ಮಾತಿನಿಂದ ಬಂದಿದೆ. ‘ಶಿಸ್ಟ್’ ಎಂಬುದು ಸೀಳು ಎಂಬರ್ಥದ ಗ್ರೀಕ್ ಧಾತುವಿನಿಂದ. ಕಣ್ಣಿಗೆ ಕಂಡದ್ದನ್ನು, ಕೈಗೆ ಸಿಕ್ಕದ್ದನ್ನು, ಉಳಿಗೆ ಒಗ್ಗಿದ್ದನ್ನು ಹೇಳುವ ಮಾತುಗಳೇ ಶಾಸ್ತ್ರದ ಮಾತುಗಳಾದವು ಎಂಬುದು ಇಲ್ಲಿ ಗಮನಾರ್ಹ.

ಕರ್ನಾಟಕದ ಶಿಲಾಸಮೂಹಗಳ ನಾಮಕರಣದ ಚರಿತ್ರೆಯೂ ಕುತೂಹಲಕರವಾಗಿದೆ. ರಾಬರ್ಟ್ ಬ್ರೂಸ್ ಫೂಟ್ ನಮ್ಮ ಪ್ರಾಗಿತಿಹಾಸದ ಅಧ್ಯಯನಕಾರರಿಗೆ ಚಿರಪರಿಚಿತ ಹೆಸರು. ೧೮೬೩ರಲ್ಲಿ ಪಲ್ಲಾವರಂ ಬಳಿ ಹಳೆಯ ಶಿಲಾಯುಗದ ಉಪಕರಣವನ್ನು ಗುರುತಿಸಿದ ಈತನೇ ೧೮೮೦ರ ದಶಕದಲ್ಲಿ ಚಿನ್ನ, ಕಬ್ಬಿಣಗಳ ಅದಿರನ್ನು ಹೊತ್ತ ಶಿಸ್ಟ್ ಶಿಲೆಗಳಿಗೆ ‘ಧಾರವಾಡ’ ಎಂಬ ಹೆಸರಿಟ್ಟನು. ೧೮೯೪ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಸ್ಥಾಪನೆಯಾದಾಗ ಅದರ ಮೊದಲ ಮುಖ್ಯಸ್ಥನೂ ಇವನೇ. ಕಿಟೆಲ್ಲರ ನಿಘಂಟು ಮಂಗಳೂರಿನಲ್ಲಿ ಪ್ರಕಟವಾದದ್ದೂ ಅದೇ ೧೮೯೪ರಲ್ಲಿ. ಒಂದೆಡೆ ಈ ನಾಡಿನ ಮಾತುಗಳನ್ನೂ ಇನ್ನೊಂದೆಡೆ ಈ ನಾಡಿನ ಕಲ್ಲುಗಳನ್ನೂ ವಿಂಗಡಿಸಿ ಹೆಸರಿಸುವ ಎರಡು ದೊಡ್ಡ ಉದ್ಯಮಗಳು ಒಂದೇ ಕಾಲದಲ್ಲಿ ನಡೆದವು. ಅವು ಪರಸ್ಪರ ಮಾತನಾಡಲಿಲ್ಲ. ಆ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ೧೯೧೬ರಲ್ಲಿ ಮೈಸೂರಿನ ಭೂಚರಿತ್ರೆಯ ರೂಪರೇಖೆಯನ್ನು ಪ್ರಕಟಿಸಿದಾಗ, ನಾಡಿನ ಬಹುಭಾಗಕ್ಕೆ ತಳಹದಿಯಾಗಿರುವ ಶಿಲೆಗೆ ‘ಪೆನಿನ್ಸುಲರ್ ನೈಸ್’, ಅಂದರೆ ಪರ್ಯಾಯದ್ವೀಪೀಯ ನೈಸ್, ಎಂಬ ಹೆಸರು ನೆಲೆಗೊಂಡಿತು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಈ ಶಿಲೆಯದೇ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ.

ಈ ಹೆಸರುಗಳಲ್ಲಿ ಚರಿತ್ರೆ ಹುದುಗಿದೆ. ಕೋಲಾರದ ಚಿನ್ನದ ಗಣಿಯ ಒಂದು ಅದಿರು ಸಾಲಿನಿಂದ ‘ಚಾಂಪಿಯನ್ ನೈಸ್’ ಹುಟ್ಟಿತು. ಇಂದಿನ ರಾಮನಗರ ಒಂದು ಕಾಲಕ್ಕೆ ಶಂಸೇರಾಬಾದ್ ಆಗಿತ್ತು. ಮುಂದೆ ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಕ್ಲೋಸ್‌ಪೇಟೆಯಾಯಿತು. ಊರು ಆ ಹೆಸರನ್ನು ಕಳಚಿಹಾಕಿ ದಶಕಗಳೇ ಕಳೆದಿವೆ. ಆದರೆ ಅಲ್ಲಿನ ಬೆಟ್ಟಗಳ ಶಿಲೆ ಇಂದಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’. ಊರಿನ ಹೆಸರು ಬದಲಾದ ಮಾತ್ರಕ್ಕೆ ಶಿಲಾಸಮೂಹದ ಹೆಸರು ಬದಲಾಗಬಾರದೆಂಬುದು ಆ ಶಾಸ್ತ್ರದ ಅಂತರರಾಷ್ಟ್ರೀಯ ನಿಯಮ. ಹೀಗಾಗಿ ಸ್ಥಳನಾಮದ ಒಂದು ಪದರ, ಊರಿನಲ್ಲಿ ಅಳಿದ ಮೇಲೂ ಕಲ್ಲಿನಲ್ಲಿ ಉಳಿದಿದೆ. ಸ್ಥಳನಾಮಗಳ ಅಧ್ಯಯನ ಕನ್ನಡದಲ್ಲಿ ಸಾಕಷ್ಟು ಬೆಳೆದಿದ್ದರೂ ಈ ಆಕರದತ್ತ ನಮ್ಮ ಗಮನ ಹರಿದಂತೆ ಕಾಣುವುದಿಲ್ಲ.

ಶ್ರವಣಬೆಳಗೊಳದಲ್ಲಿಯೇ ಹೆಸರಿನ ಈ ಪ್ರಶ್ನೆ ಇನ್ನಷ್ಟು ಜಟಿಲವಾಗಿದೆ. ಚಿಕ್ಕಬೆಟ್ಟ, ಚಂದ್ರಗಿರಿ, ಕಟವಪ್ರ, ಕಳ್ವಪ್ಪು ಇವೆಲ್ಲ ಒಂದೇ ಬೆಟ್ಟದ ಹೆಸರುಗಳು. ಜನರ ಬಾಯಲ್ಲಿ ಗಾತ್ರ, ಪುರಾಣದಲ್ಲಿ ಮಹಿಮೆ, ಸಂಸ್ಕೃತ ಶಾಸನದಲ್ಲಿ ಒಂದು ರೂಪ, ಕನ್ನಡ ಶಾಸನದಲ್ಲಿ ಇನ್ನೊಂದು. ದೊಡ್ಡಬೆಟ್ಟಕ್ಕೆ ವಿಂಧ್ಯಗಿರಿ ಎಂಬ ಹೆಸರು ಉತ್ತರದ ಪರ್ವತದ ನೆನಪಿನಿಂದ ಬಂದದ್ದು. ಭೂವಿಜ್ಞಾನದಲ್ಲಿ ‘ವಿಂಧ್ಯನ್’ ಎಂದರೆ ಮಧ್ಯಭಾರತದ ಮರಳುಗಲ್ಲು, ಸುಣ್ಣಕಲ್ಲುಗಳ ಸಮೂಹ. ಅದರ ವಯಸ್ಸು ಹೆಚ್ಚೆಂದರೆ ೧೭೦ ಕೋಟಿ ವರ್ಷಗಳ ಆಸುಪಾಸು. ಬೆಳಗೊಳದ ವಿಂಧ್ಯಗಿರಿಗೂ ಆ ವಿಂಧ್ಯನ್ನಿಗೂ ಹೆಸರಿನ ಹೊರತು ಯಾವ ಸಂಬಂಧವೂ ಇಲ್ಲ. ಹೆಸರು ಒಂದಾದ ಮಾತ್ರಕ್ಕೆ ವಸ್ತು ಒಂದಲ್ಲ ಎಂಬ ಎಚ್ಚರಿಕೆ, ನಾಗವರ್ಮರು ಎಷ್ಟು ಮಂದಿ ಎಂದು ಚರ್ಚಿಸಿದ ನಮಗೆ ಹೊಸದೇನಲ್ಲ.

೩

ಇನ್ನು ಪೂರ್ವಾಪರದ ವಿಚಾರ. ಕಾಲವನ್ನು ಅಂಕಿಯಲ್ಲಿ ಹೇಳುವ ಮೊದಲು ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ನಿರ್ಧರಿಸಬೇಕು. ಫೂಟ್ ಕಂಡಂತೆ ಧಾರವಾಡ ಶಿಲೆಗಳು ಹಳೆಯ ನೈಸ್ ನೆಲಗಟ್ಟಿನ ಮೇಲೆ ನಿಂತಿದ್ದವು. ಸ್ಮೀತ್ ಮತ್ತು ಮೈಸೂರು ಇಲಾಖೆಯವರು ಇದಕ್ಕೆ ವಿರುದ್ಧವಾಗಿ ಶಿಸ್ಟ್‌ಗಳೇ ಹಳೆಯವು, ನೈಸ್ ಆಮೇಲೆ ಅವುಗಳೊಳಗೆ ನುಗ್ಗಿ ಬಂದದ್ದು ಎಂದು ವಾದಿಸಿದರು. ಎರಡೂ ಪಕ್ಷಗಳಿಗೆ ನೆಲದ ಮೇಲೆ ಸಾಕ್ಷ್ಯಗಳಿದ್ದವು. ಒಂದೆಡೆ ಶಿಸ್ಟ್‌ನ ಬುಡದಲ್ಲಿ ನೈಸ್‌ನ ಉರುಟುಗಲ್ಲುಗಳು ಸಿಕ್ಕುತ್ತಿದ್ದವು. ಇನ್ನೊಂದೆಡೆ ನೈಸ್‌ನ ಹೊಟ್ಟೆಯಲ್ಲಿ ಶಿಸ್ಟ್‌ನ ತುಣುಕುಗಳು ಸಿಕ್ಕುತ್ತಿದ್ದವು. ಈ ವಿವಾದ ದಶಕಗಳ ಕಾಲ ನಡೆಯಿತು.

ಇದಕ್ಕೆ ಪರಿಹಾರ ಸೂಚಿಸಿದ ನೆಲಗಳಲ್ಲಿ ಹಾಸನ ಜಿಲ್ಲೆಯೂ ಒಂದು. ಶಿಸ್ಟ್ ಎಂದು ಒಂದೇ ಹೆಸರಿನಿಂದ ಕರೆಯುತ್ತಿದ್ದುದು ವಾಸ್ತವವಾಗಿ ಎರಡು ಬೇರೆ ಬೇರೆ ಕಾಲಗಳ ಸಮೂಹ ಎಂಬುದು ಕ್ರಮೇಣ ಸ್ಪಷ್ಟವಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಜೆ. ಸ್ವಾಮಿನಾಥ್, ಎಂ. ರಾಮಕೃಷ್ಣನ್ ಮತ್ತು ಎಂ. ಎನ್. ವಿಶ್ವನಾಥ ಅವರು ೧೯೭೬ರಲ್ಲಿ ಮಂಡಿಸಿದ ಮಾದರಿಯಂತೆ, ಹೊಳೆನರಸೀಪುರ ಮತ್ತು ನುಗ್ಗೇಹಳ್ಳಿಯ ಪಟ್ಟಿಗಳು ಹಳೆಯ ‘ಸರಗೂರು’ ಸಮೂಹಕ್ಕೆ ಸೇರಿದವು. ಬಾಬಾಬುಡನ್ ಮೊದಲಾದವು ಅನಂತರದ ‘ಧಾರವಾಡ’ ಸಮೂಹಕ್ಕೆ. ನೈಸ್ ಮೊದಲನೆಯದರ ತುಣುಕುಗಳನ್ನು ತನ್ನೊಳಗೆ ಹಿಡಿದುಕೊಂಡಿದೆ, ಎರಡನೆಯದಕ್ಕೆ ನೆಲಗಟ್ಟಾಗಿದೆ. ಫೂಟನೂ ಸರಿ, ಸ್ಮೀತನೂ ಸರಿ. ಇಬ್ಬರೂ ನೋಡಿದ ಶಿಸ್ಟ್ ಬೇರೆ ಬೇರೆ. ವಿವರಗಳಲ್ಲಿ ಈ ಮಾದರಿಯೂ ಮುಂದೆ ತಿದ್ದುಪಡಿಗಳಿಗೆ ಒಳಗಾಗಿದೆ.

ಕನ್ನಡ ಸಾಹಿತ್ಯ ಚರಿತ್ರೆಯ ಅಧ್ಯಾಪಕರು ಈ ಕಥನದಲ್ಲಿ ತಮ್ಮ ಮುಖವನ್ನು ಕಾಣದೆ ಇರಲಾರರು. ‘ವಡ್ಡಾರಾಧನೆ’ಯ ಕಾಲದ ಚರ್ಚೆಯಲ್ಲಿ ಹಳೆಯ ರೂಪಗಳನ್ನು ಹಿಡಿದವರು ಒಂದು ಕಾಲವನ್ನು, ಈಚಿನ ರೂಪಗಳನ್ನು ಹಿಡಿದವರು ಇನ್ನೊಂದು ಕಾಲವನ್ನು ಹೇಳಿದರು. ಒಂದೇ ಪಠ್ಯದೊಳಗೆ ಬೇರೆ ಬೇರೆ ಕಾಲದ ಪದರಗಳಿರಬಹುದೇ ಎಂದು ಕೇಳಿಕೊಂಡಾಗ ಮಾತ್ರ ಇಂಥ ವಾದ ಮುಂದೆ ಸಾಗುತ್ತದೆ. ವಾದ ಬಗೆಹರಿಯದಿದ್ದಾಗ ತಪ್ಪು ಹಲವು ವೇಳೆ ಉತ್ತರಗಳಲ್ಲಿರುವುದಿಲ್ಲ, ಎರಡನ್ನು ಒಂದೆಂದು ಕರೆದ ಹೆಸರಿನಲ್ಲಿರುತ್ತದೆ.

ಇನ್ನೊಂದು ಸಾಮ್ಯವನ್ನೂ ಇಲ್ಲಿಯೇ ಹೇಳಬಹುದು. ‘ಪ್ರೀಕೇಂಬ್ರಿಯನ್’ ಎಂದರೆ ಕೇಂಬ್ರಿಯನ್‌ಪೂರ್ವ. ವೇಲ್ಸ್ ಸೀಮೆಯ ಲ್ಯಾಟಿನ್ ಹೆಸರಿನಿಂದ ೧೮೩೫ರಲ್ಲಿ ಕೇಂಬ್ರಿಯನ್ ಎಂಬ ಯುಗನಾಮ ಹುಟ್ಟಿತು. ಪಳೆಯುಳಿಕೆಗಳು ಹೇರಳವಾಗಿ ಸಿಗುವುದು ಆ ಯುಗದಿಂದೀಚೆಗೆ; ಆದ್ದರಿಂದ ಅದಕ್ಕೂ ಹಿಂದಿನದೆಲ್ಲ ಬರಿಯ ‘ಪೂರ್ವ’ವಾಯಿತು. ವಾಸ್ತವದಲ್ಲಿ ಆ ‘ಪೂರ್ವ’ ಭೂಮಿಯ ಒಟ್ಟು ಆಯುಷ್ಯದ ಹತ್ತು ಪಾಲಿನಲ್ಲಿ ಒಂಬತ್ತಕ್ಕೆ ಹತ್ತಿರವಾಗಿದೆ. ನಾವು ‘ಪಂಪಪೂರ್ವ ಯುಗ’ ಎನ್ನುವಾಗ ಮಾಡುವುದೂ ಇದನ್ನೇ. ಆಕರಗಳು ತುಂಬಿರುವ ಕಾಲದ ಹೆಸರಿನಿಂದ ಆಕರಗಳು ವಿರಳವಾದ ದೀರ್ಘ ಕಾಲವನ್ನು ಅಳೆಯುತ್ತೇವೆ. ಭೂವಿಜ್ಞಾನಿಗಳು ಆ ‘ಪೂರ್ವ’ವನ್ನು ಒಡೆದು, ಆರ್ಕಿಯನ್, ಪ್ರೊಟೆರೊಜೋಯಿಕ್ ಎಂದು ಅದರದೇ ಗುಣಲಕ್ಷಣಗಳಿಂದ ಹೆಸರಿಸಿದರು. ಬೆಳಗೊಳದ ಆರು, ಏಳು, ಎಂಟನೆಯ ಶತಮಾನಗಳ ನಿಸಿದಿ ಶಾಸನಗಳನ್ನು ಎದುರಿಗಿಟ್ಟುಕೊಂಡೂ ನಾವು ಆ ಕಾಲವನ್ನು ಪಂಪನಿಗೆ ಪೀಠಿಕೆಯಾಗಿಯೇ ಬೋಧಿಸುತ್ತಿದ್ದೇವೆ.

೪

ಅಂಕಿಯಲ್ಲಿ ಕಾಲ ಹೇಳುವ ಕ್ರಮವನ್ನು ಸಂಕ್ಷೇಪವಾಗಿ ನೋಡೋಣ. ಶಿಲೆಯ ಖನಿಜಗಳಲ್ಲಿ ರುಬಿಡಿಯಂ, ಯುರೇನಿಯಂಗಳಂಥ ವಿಕಿರಣಶೀಲ ಧಾತುಗಳು ಅತ್ಯಲ್ಪ ಪ್ರಮಾಣದಲ್ಲಿರುತ್ತವೆ. ರುಬಿಡಿಯಂ-೮೭ ಎಂಬುದು ಸ್ಟ್ರಾನ್ಷಿಯಂ-೮೭ ಆಗಿ ಮಾರ್ಪಡುತ್ತದೆ. ಅದರ ಅರ್ಧದಷ್ಟು ಹಾಗೆ ಮಾರ್ಪಡಲು ಸುಮಾರು ೪,೯೦೦ ಕೋಟಿ ವರ್ಷ ಬೇಕು. ಯುರೇನಿಯಂ-೨೩೮ ಸೀಸವಾಗುವುದಕ್ಕೆ ಈ ಅವಧಿ ಸುಮಾರು ೪೪೭ ಕೋಟಿ ವರ್ಷ. ತಾಯಿ ಧಾತು ಎಷ್ಟು ಉಳಿದಿದೆ, ಮಗಳು ಧಾತು ಎಷ್ಟು ಹುಟ್ಟಿದೆ ಎಂದು ಅಳೆದರೆ ಕಾಲ ಸಿಗುತ್ತದೆ. ಜಿರ್ಕಾನ್ ಎಂಬ ಸೂಕ್ಷ್ಮ ಹರಳು ಇದಕ್ಕೆ ವಿಶೇಷವಾಗಿ ಒದಗುತ್ತದೆ. ಅದು ಹುಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಹೀಗಾಗಿ ಇಂದು ಅದರೊಳಗೆ ಕಾಣುವ ಸೀಸ ಬಹುಪಾಲು ಅಲ್ಲಿಯೇ ಹುಟ್ಟಿದ್ದು.

ಹಾಸನ ಜಿಲ್ಲೆಯ ನೈಸ್‌ನ ಮಾದರಿಗಳನ್ನು ರುಬಿಡಿಯಂ-ಸ್ಟ್ರಾನ್ಷಿಯಂ ವಿಧಾನದಿಂದ ಪರೀಕ್ಷಿಸಿದ ಬೆಕಿನ್‌ಸೇಲ್, ಡ್ರೂರಿ ಮತ್ತು ಹೋಲ್ಟ್ ಅವರು ೧೯೮೦ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದರ ವಯಸ್ಸು ಸುಮಾರು ೩೩೬ ಕೋಟಿ ವರ್ಷವೆಂದು ಪ್ರಕಟಿಸಿದರು. ಅನಂತರದ ಅಧ್ಯಯನಗಳು ಈ ಅಂಕಿಯನ್ನು ಅತ್ತಿತ್ತ ಸರಿಸಿದ್ದರೂ, ಗೊರೂರು-ಹೊಳೆನರಸೀಪುರ ಸೀಮೆಯ ಹಳೆಯ ನೈಸ್‌ಗಳು ೩೨೦ರಿಂದ ೩೪೦ ಕೋಟಿ ವರ್ಷಗಳ ಸುಮಾರಿನವು ಎಂಬುದು ಒಪ್ಪಿತವಾಗಿದೆ. ಇದಕ್ಕೆ ಹೋಲಿಸಿದರೆ ಕ್ಲೋಸ್‌ಪೇಟ್ ಗ್ರಾನೈಟಿನ ವಯಸ್ಸು ಸುಮಾರು ೨೫೦ ಕೋಟಿ ವರ್ಷ. ನಾವು ಬಸ್ಸಿನ ಕಿಟಕಿಯಿಂದ ‘ಬಂಡೆ’ ಎಂದು ಒಂದೇ ಮಾತಿನಲ್ಲಿ ಮುಗಿಸುವ ಎರಡು ಕಲ್ಲುಗಳ ನಡುವೆ ಎಂಬತ್ತು ಕೋಟಿ ವರ್ಷಗಳ ಅಂತರವಿದೆ.

ಇದಕ್ಕಿಂತ ವಿಸ್ಮಯಕರವಾದ ಸಂಗತಿ ೧೯೯೨ರಲ್ಲಿ ಪ್ರಕಟವಾಯಿತು. ನಟ್‌ಮನ್ ಮತ್ತು ಸಂಗಡಿಗರು ಪಶ್ಚಿಮ ಕರ್ನಾಟಕದ ಸರಗೂರು ಸಮೂಹದ ಸಂಚಿತ ಶಿಲೆಗಳಲ್ಲಿ ೩೫೮ ಕೋಟಿ ವರ್ಷಗಳಷ್ಟು ಹಳೆಯ ಜಿರ್ಕಾನ್ ಹರಳುಗಳನ್ನು ಗುರುತಿಸಿದರು. ಅಷ್ಟು ಹಳೆಯ ಹರಳು ಒಂದು ಕಾಲದಲ್ಲಿ ಯಾವುದೋ ಬಂಡೆಯೊಳಗಿತ್ತು. ಆ ಬಂಡೆ ಸವೆದು ಮರಳಾಗಿ ಹೋಯಿತು. ಮರಳಿನಲ್ಲಿ ಹರಳು ಮಾತ್ರ ಉಳಿದು ಇನ್ನೊಂದು ಶಿಲೆಯೊಳಗೆ ಸೇರಿಕೊಂಡಿತು. ‘ಕವಿರಾಜಮಾರ್ಗ’ವನ್ನು ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರ ಹೆಸರುಗಳು ಅಲ್ಲಿವೆ. ಅವರ ಕೃತಿಗಳು ಇಲ್ಲ. ಒಂಬತ್ತನೆಯ ಶತಮಾನದ ಶಿಲೆಯಲ್ಲಿ ಅದಕ್ಕೂ ಹಿಂದಿನ ಕಳೆದುಹೋದ ಬೆಟ್ಟಗಳ ಹರಳುಗಳು ಅವು.

೫

ಇಲ್ಲಿಂದ ನಾನು ಮುಖ್ಯವೆಂದು ತಿಳಿದಿರುವ ಪ್ರಶ್ನೆಗೆ ಬರುತ್ತೇನೆ. ಶಿಲೆಯ ವಯಸ್ಸು ಎಂದರೆ ಯಾವ ಘಟನೆಯ ವಯಸ್ಸು? ಕರಗಿದ ದ್ರವ ಹರಳುಗಟ್ಟಿದ್ದೇ, ಅನಂತರ ಕಾವಿಗೆ ಸಿಕ್ಕು ರೂಪಾಂತರಗೊಂಡದ್ದೇ, ಅಥವಾ ಕೊನೆಯ ಬಾರಿ ತಣಿದದ್ದೇ? ಒಂದೇ ಜಿರ್ಕಾನಿನ ತಿರುಳು ಒಂದು ಕಾಲವನ್ನು, ಅಂಚು ಇನ್ನೊಂದು ಕಾಲವನ್ನು ಹೇಳಬಹುದು. ಆದ್ದರಿಂದ ಭೂವಿಜ್ಞಾನಿ ತಾನು ಯಾವ ವಸ್ತುವಿನ, ಯಾವ ವಿಧಾನದಿಂದ, ಯಾವ ಘಟನೆಯ ಕಾಲವನ್ನು ಅಳೆದೆನೆಂಬುದನ್ನು ಹೇಳಿ, ಕೂಡು-ಕಳೆ ಚಿಹ್ನೆಯೊಡನೆ ತಪ್ಪಿನ ಅಂತರವನ್ನೂ ನಮೂದಿಸುತ್ತಾನೆ.

ನಮ್ಮ ಕ್ರಮ ಹೇಗಿದೆ? ನಾವು ‘ಸು.’ ಎಂಬ ಒಂದು ಅಕ್ಷರವನ್ನು ಇಟ್ಟುಕೊಂಡಿದ್ದೇವೆ. ಹಲ್ಮಿಡಿ ಶಾಸನ ಸು. ೪೫೦, ಚಂದ್ರಗಿರಿಯ ಮೊದಲನೆಯ ಶಾಸನ ಸು. ೬೦೦. ಈ ‘ಸು.’ ಎಂದರೆ ಇಪ್ಪತ್ತೈದು ವರ್ಷವೇ, ನೂರು ವರ್ಷವೇ? ಅದು ಲಿಪಿಯ ಆಧಾರದಿಂದ ಬಂದದ್ದೇ, ಶಾಸನೋಕ್ತ ವ್ಯಕ್ತಿಗಳ ಆಧಾರದಿಂದ ಬಂದದ್ದೇ? ಹಲ್ಮಿಡಿ ಶಾಸನ ತೇದಿಯಿಲ್ಲದ್ದು. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಒಂದು ಪುಸ್ತಕದ ‘ಸು. ೪೫೦’ ಮುಂದಿನದರಲ್ಲಿ ‘೪೫೦’ ಆಗುತ್ತದೆ, ಪ್ರಶ್ನಪತ್ರಿಕೆಯಲ್ಲಿ ಒಂದು ಅಂಕದ ಉತ್ತರವಾಗುತ್ತದೆ. ಬೆಳಗೊಳದ ಪ್ರಾಚೀನ ನಿಸಿದಿಗಳಲ್ಲಿ ಅನೇಕವು ಶಕವರ್ಷವಿಲ್ಲದವು. ಲಿಪಿ ನೋಡಿ ಕಾಲ ಹೇಳಿದಂಥವು. ಅಂಥ ಶಾಸನಗಳ ಆಧಾರದಿಂದ ಒಂದು ವ್ಯಾಕರಣ ರೂಪ ಇಂಥ ದಶಕದಲ್ಲಿ ಬದಲಾಯಿತೆಂದು ಹೇಳುವುದು, ಅಳತೆಗೋಲಿನ ಗೆರೆಗಿಂತ ಸಣ್ಣದನ್ನು ಅಳೆಯಹೊರಟಂತೆ.

ಯಾವ ಘಟನೆಯ ಕಾಲ ಎಂಬ ಪ್ರಶ್ನೆಯೂ ಇಲ್ಲಿ ಅಷ್ಟೇ ಮುಖ್ಯ. ಚಂದ್ರಗಿರಿಯ ಆ ಮೊದಲ ಶಾಸನ ಉತ್ತರದಿಂದ ಜೈನ ಸಂಘ ವಲಸೆ ಬಂದುದನ್ನು ಹೇಳುತ್ತದೆ. ಪರಂಪರೆ ಆ ಘಟನೆಯನ್ನು ಭದ್ರಬಾಹು ಮತ್ತು ಚಂದ್ರಗುಪ್ತರ ಕಾಲಕ್ಕೆ, ಅಂದರೆ ಶಾಸನಕ್ಕಿಂತ ಸುಮಾರು ಒಂಬೈನೂರು ವರ್ಷಗಳ ಹಿಂದಕ್ಕೆ, ಒಯ್ಯುತ್ತದೆ. ಕಂಡರಿಸಿದ ಕಾಲ ಬೇರೆ, ಕಥನದ ಕಾಲ ಬೇರೆ. ಗೊಮ್ಮಟನ ವಿಷಯದಲ್ಲಿಯೂ ಹೀಗೆಯೇ. ಪಾದದ ಬಳಿಯ ಬರೆಹಗಳು ಮಾಡಿಸಿದವನ ಹೆಸರನ್ನು ಹೇಳುತ್ತವೆ, ತೇದಿಯನ್ನು ಹೇಳುವುದಿಲ್ಲ. ಕ್ರಿ.ಶ. ೯೭೮ರಲ್ಲಿ ಮುಗಿದ ‘ಚಾವುಂಡರಾಯಪುರಾಣ’ ಈ ಮಹಾಮೂರ್ತಿಯನ್ನು ಹೆಸರಿಸುವುದಿಲ್ಲವಾದ್ದರಿಂದ ಪ್ರತಿಷ್ಠೆ ಅದಕ್ಕಿಂತ ಈಚಿನದೆಂದು ವಿದ್ವಾಂಸರು ಊಹಿಸಿದರು. ಮಂಜೇಶ್ವರದ ಎಂ. ಗೋವಿಂದ ಪೈಗಳಂಥವರು ತಿಥಿ-ಸಂವತ್ಸರಗಳ ಗಣನೆಗೆ ತೊಡಗಿದರು. ೯೮೧ ಇಂದು ಬಹುಮಾನ್ಯವಾದ ವರ್ಷ. ಮೂರ್ತಿಯ ವಿವರವಾದ ಕನ್ನಡ ಕಥನ ದೊರೆಯುವುದು ಸು. ೧೧೮೦ರ ಬೊಪ್ಪಣ ಪಂಡಿತನ ಶಾಸನದಲ್ಲಿ. ಬಂಡೆ, ಮೂರ್ತಿ, ಬರೆಹ, ಕಥನ ಎಂಬ ನಾಲ್ಕು ಕಾಲಗಳು ಒಂದೇ ಬೆಟ್ಟದ ಮೇಲಿವೆ.

ಈ ನಾಲ್ಕನ್ನು ಬೆರೆಸುವ ಪ್ರವೃತ್ತಿ ಈಚೆಗೆ ಹೆಚ್ಚುತ್ತಿದೆ. ಗೊರೂರಿನ ನೈಸ್‌ನ ಅಂಕಿಯನ್ನು ತಂದು ಗೊಮ್ಮಟನ ಕಲ್ಲಿಗೆ ಅಂಟಿಸಿ, ಮುನ್ನೂರು ಕೋಟಿ ವರ್ಷಗಳ ಶಿಲೆಯಲ್ಲಿ ಕಡೆದ ಮೂರ್ತಿ ಎಂದು ಭಾವೋದ್ರೇಕದಿಂದ ಬರೆಯುವುದುಂಟು. ಗೊರೂರಿಗೂ ಬೆಳಗೊಳಕ್ಕೂ ನಲವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಈ ಸೀಮೆಯ ತಳಹದಿ ನೈಸ್ ಎಂಬುದು ನಿಜ. ಆದರೆ ಅಂಥ ನೆಲದೊಳಕ್ಕೆ ಬಹಳ ಈಚೆಗೆ ನುಗ್ಗಿ ಬಂದ ಗ್ರಾನೈಟ್‌ಗಳೂ ಇರುತ್ತವೆ. ಒಂದು ಬಂಡೆಯ ಅಂಕಿಯನ್ನು ಇನ್ನೊಂದಕ್ಕೆ ಕೊಡುವುದೆಂದರೆ, ಪಕ್ಕದ ಊರಿನ ವೀರಗಲ್ಲಿನ ತೇದಿಯನ್ನು ತಂದು ಈ ಊರಿನ ನಿಸಿದಿಗೆ ಹಾಕಿದಂತೆ. ಗೊಮ್ಮಟನ ಘನತೆಗೆ ಕೋಟಿ ವರ್ಷಗಳ ಆಸರೆ ಬೇಕಾಗಿಯೂ ಇಲ್ಲ.

ಅಂಕಿಗಳ ಅನುವಾದದಲ್ಲಿಯೂ ಎಚ್ಚರ ಬೇಕು. ಹತ್ತು ಲಕ್ಷ ಒಂದು ಮಿಲಿಯನ್, ನೂರು ಕೋಟಿ ಒಂದು ಬಿಲಿಯನ್. ಮೂರು ಬಿಲಿಯನ್ ಎಂಬುದು ನಮ್ಮ ಬರೆಹಗಳಲ್ಲಿ ಮೂವತ್ತು ಕೋಟಿಯಾಗುವುದುಂಟು. ಒಂದು ಸೊನ್ನೆಯ ಲೋಪದಿಂದ ಆರ್ಕಿಯನ್ ಕಾಲದ ಬಂಡೆ ಡೈನೊಸಾರ್‌ಗಳ ನೆರೆಗೆ ಬಂದು ನಿಲ್ಲುತ್ತದೆ. ಪಲ್ಯೋಪಮ, ಸಾಗರೋಪಮಗಳಂಥ ಕಾಲಮಾನಗಳನ್ನು ಚಂಪೂಕಾವ್ಯಗಳಲ್ಲಿ ಸಲೀಸಾಗಿ ಬಳಸಿದ ಭಾಷೆ ನಮ್ಮದು. ಆ ಕಲ್ಪನೆಯನ್ನು ವಿಜ್ಞಾನದ ಅಳತೆಯೊಡನೆ ಸಮೀಕರಿಸಬೇಕೆಂದು ನಾನು ಹೇಳುತ್ತಿಲ್ಲ. ದೀರ್ಘಕಾಲವನ್ನು ನುಡಿಯುವ ಶಕ್ತಿ ಕನ್ನಡಕ್ಕಿಲ್ಲವೆಂಬ ಮಾತು ಸಲ್ಲದು ಎಂದಷ್ಟೇ ಹೇಳುತ್ತಿದ್ದೇನೆ.

೬

ಕೊನೆಯದಾಗಿ ನಮ್ಮ ಋಣದ ವಿಚಾರ. ಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ ೧೮೮೯ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ ೧೪೪, ಆರ್. ನರಸಿಂಹಾಚಾರ್ಯರ ೧೯೨೩ರ ಪರಿಷ್ಕರಣದಲ್ಲಿ ೫೦೦. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ ೧೯೭೩ರ ಆವೃತ್ತಿಯಲ್ಲಿ ೫೭೩. ಎಂಬತ್ತನಾಲ್ಕು ವರ್ಷಗಳಲ್ಲಿ ಅಕ್ಷರಗಳ ಮೇಲೆ ನಾವು ಇಟ್ಟ ಶ್ರದ್ಧೆಗೆ ಇದು ಸಾಕ್ಷಿ. ಅದೇ ಶ್ರದ್ಧೆ ಅಕ್ಷರವನ್ನು ಹೊತ್ತ ಕಲ್ಲಿನ ಮೇಲೆ ಬಂದಿಲ್ಲ. ಶಾಸನದ ವಿವರಣೆಯಲ್ಲಿ ಉದ್ದ, ಅಗಲ, ಸ್ಥಳಗಳಿರುತ್ತವೆ; ಕಲ್ಲು ಯಾವ ಜಾತಿಯದು ಎಂಬಲ್ಲಿ ‘ಕಲ್ಲು’ ಅಥವಾ ‘ಗ್ರಾನೈಟ್’ ಎಂದು ಮುಗಿಯುತ್ತದೆ. ಹಳೇಬೀಡು, ಬೇಲೂರುಗಳ ಬಳಪದ ಕಲ್ಲು ಉಳಿಗೆ ಮೆದುವಾಗಿ ಒಲಿಯುವ ಕ್ಲೋರೈಟ್ ಶಿಸ್ಟ್. ಬೆಳಗೊಳದ ಕಲ್ಲು ಉಳಿಯನ್ನು ಮೊಂಡು ಮಾಡುವ ಕಾಡುಗಲ್ಲು. ಒಂದರಲ್ಲಿ ಅಕ್ಷರ ಅಲಂಕಾರವಾಗುವುದಕ್ಕೂ ಇನ್ನೊಂದರಲ್ಲಿ ಬಿಡಿಬಿಡಿಯಾಗಿ, ದೊಡ್ಡದಾಗಿ ನಿಲ್ಲುವುದಕ್ಕೂ ಕಲ್ಲಿನ ಗುಣ ಎಷ್ಟು ಕಾರಣ, ಕಾಲ ಎಷ್ಟು ಕಾರಣ ಎಂಬುದನ್ನು ಬೇರ್ಪಡಿಸದೆ ಲಿಪಿಯಿಂದ ಕಾಲ ಹೇಳಿದರೆ ತಪ್ಪುವ ಸಂಭವವಿದೆ.

ಪದಗಳ ವಿಷಯದಲ್ಲಿ ನಮ್ಮ ಹೊಣೆ ಇನ್ನೂ ನೇರವಾದುದು. ಪಠ್ಯಪುಸ್ತಕಗಳು ಅಗ್ನಿಶಿಲೆ, ಜಲಜಶಿಲೆ, ರೂಪಾಂತರಿತ ಶಿಲೆ ಎಂಬ ಸಂಸ್ಕೃತ ಪದಗಳನ್ನು ಕೊಟ್ಟಿವೆ. ಅವು ನಿಂತಿವೆ, ನಿಲ್ಲಲಿ. ‘ನೈಸ್’ ಎಂಬುದನ್ನೂ ಹಾಗೆಯೇ ಉಳಿಸಿಕೊಳ್ಳುವುದು ಸೂಕ್ತ. ಆದರೆ ಬೆಣಚುಕಲ್ಲು, ಕಾಗೆಬಂಗಾರ, ಬಳಪದಕಲ್ಲು, ಮುರಕಲ್ಲು, ಕರಿಕಲ್ಲು, ಹಾಸರೆ, ಗುಂಡು, ಚಕ್ಕೆ, ಎಳೆ, ಸೀಳು, ಬೆ಼ಣೆ ಇಂಥ ಮಾತುಗಳು ಸ್ಯಾಕ್ಸನಿಯ ಗಣಿಗಾರರ ಮಾತಿಗಿಂತ ಯಾವ ವಿಧದಲ್ಲಿ ಕಡಿಮೆ? ಶಿಲ್ಪಶಾಸ್ತ್ರದ ಗ್ರಂಥಗಳು ನಾದದಿಂದ ಕಲ್ಲನ್ನು ಪರೀಕ್ಷಿಸಿ ಪುಂಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆ ಎಂದು ವಿಂಗಡಿಸಿವೆ; ಗ್ರಂಥದ ಹೊರಗೆ ಕಲ್ಲುಕುಟಿಗರ ಕೈಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ವಿಂಗಡಣೆಯಿದೆ. ಯಂತ್ರದ ಗರಗಸ ಬಂದ ಮೇಲೆ ಎಳೆ ನೋಡುವ ಕಣ್ಣಿಗೆ ಕೆಲಸ ಕಡಿಮೆಯಾಗಿದೆ. ಆ ಕಣ್ಣು ಮುಚ್ಚಿದಾಗ ಪದವೂ ಮುಚ್ಚುತ್ತದೆ. ವೃತ್ತಿಪದಗಳ ಸಂಗ್ರಹವನ್ನು ಕನ್ನಡ ವಿಭಾಗಗಳಲ್ಲದೆ ಮತ್ತಾರು ಮಾಡಬೇಕು?

ಈ ಹಿನ್ನೆಲೆಯಲ್ಲಿ ಮೂರು ಸಲಹೆಗಳನ್ನು ವಿದ್ವಾಂಸರ ಮುಂದಿಡಬಯಸುತ್ತೇನೆ. ಮೊದಲನೆಯದಾಗಿ, ತೇದಿಯಿಲ್ಲದ ಶಾಸನಗಳ ಕಾಲವನ್ನು ಹೇಳುವಾಗ ‘ಸು.’ ಎಂಬುದರ ಜೊತೆಗೆ ಆಧಾರವನ್ನೂ ತಪ್ಪಿನ ಅಂತರವನ್ನೂ ನಮೂದಿಸುವ ಪದ್ಧತಿ ನಮ್ಮ ಪತ್ರಿಕೆಗಳಲ್ಲಿ ಬರಬೇಕು. ಎರಡನೆಯದಾಗಿ, ಶಾಸನ ಸಂಪಾದನೆಯಲ್ಲಿ ಶಿಲೆಯ ಜಾತಿ ಮತ್ತು ಅದರ ಸವೆತದ ಸ್ವರೂಪವನ್ನು ಭೂವಿಜ್ಞಾನಿಗಳ ನೆರವಿನಿಂದ ದಾಖಲಿಸಬೇಕು. ಮೂರನೆಯದಾಗಿ, ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳ ಕಲ್ಲುಕೆಲಸದವರ ನುಡಿಕೋಶವೊಂದನ್ನು ಕ್ಷೇತ್ರಕಾರ್ಯದ ಮೂಲಕ ಸಿದ್ಧಪಡಿಸಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳಿಗೆ ಇದಕ್ಕಿಂತ ಹತ್ತಿರದ ವಿಷಯ ಬೇರಿಲ್ಲ.

ಇದರಿಂದ ಶಾಸನಾಧ್ಯಯನ ಭೂವಿಜ್ಞಾನದ ಬಾಲವಾಗುವುದೆಂಬ ಆತಂಕಕ್ಕೆ ಕಾರಣವಿಲ್ಲ. ಮೈಸೂರು ಭೂವಿಜ್ಞಾನ ಇಲಾಖೆಯ ಪರಂಪರೆಯಲ್ಲಿ ಬೆಳೆದು, ೧೯೫೮ರಲ್ಲಿ ಸ್ಥಾಪನೆಯಾದ ಭಾರತೀಯ ಭೂವೈಜ್ಞಾನಿಕ ಸಂಘವನ್ನು ದಶಕಗಳ ಕಾಲ ಮುನ್ನಡೆಸಿದ ಬಿ. ಪಿ. ರಾಧಾಕೃಷ್ಣ ಅವರು ಕನ್ನಡದಲ್ಲಿಯೂ ಬರೆದವರು. ಆ ಕಡೆಯಿಂದ ಒಂದು ಹೆಜ್ಜೆ ಬಂದಿದೆ. ಈ ಕಡೆಯಿಂದ ಹೆಜ್ಜೆ ಇಡಬೇಕಾದವರು ನಾವು. ಕಲ್ಲುಗಣಿಗೆ ಸಿಕ್ಕಿ ಕರಗುವ ಪ್ರತಿಯೊಂದು ಗುಡ್ಡದೊಡನೆ ಭೂಮಿಯ ದಾಖಲೆಯೊಂದು ಹೋಗುತ್ತದೆ. ಅದರ ಮೇಲೆ ಅಕ್ಷರವಿದ್ದರೆ ನಾಡಿನ ದಾಖಲೆಯೂ ಹೋಗುತ್ತದೆ. ಅದನ್ನು ಕಡಿಯುತ್ತಿದ್ದವರ ಮಾತೂ ಹೋಗುತ್ತದೆ. ಮೊದಲನೆಯದಕ್ಕೆ ದುಃಖಿಸಲು ಬೇರೆ ವಿಭಾಗಗಳಿವೆ. ಉಳಿದೆರಡು ನಮ್ಮವು.

ಚಿಕ್ಕಬೆಟ್ಟದಲ್ಲಿ ಆ ಹಿರಿಯರು ಕೇಳಿದ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ‘ತ್ರುಟಿತ’ ಎಂದಿದ್ದ ಕಡೆ ‘ಎಳೆಯ ಗುಂಟ ಚಕ್ಕೆ ಎದ್ದಿದೆ’ ಎಂದು ತಿದ್ದಿ ಬರೆದುಕೊಂಡೆ. ಸದ್ಯಕ್ಕೆ ಅಷ್ಟೇ ಆದದ್ದು. ಆ ಒಂದು ವಾಕ್ಯದಲ್ಲಿರುವ ನಾಲ್ಕು ಪದಗಳೂ ಕನ್ನಡದವೇ ಎಂಬುದನ್ನು ವಿದ್ವಾಂಸರು ಗಮನಿಸಬೇಕಾಗಿ ವಿನಂತಿ.